ಎಡಗೈಯಾಗಿನ ಲಗಾಮು

ಕಲಬುರ್ಗಿ
ಫಾಲ್ಗುಣ ಶುದ್ಧ ದಶಮಿ, ಸನ್ ೧೯೨೦

ಚಿ. ಸೌಭಾಗ್ಯವತಿ ಭಾಗಮ್ಮಗ ನಿನ್ನಪ್ಪ ಖಂಡೆಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾತು. ಜವಾಬು ಬರೀಲಿಲ್ಲಂತ ಸಿಟ್ಟಾಗಬ್ಯಾಡ ತಾಯಿ. ಕಲ್ಲು ಕಡಿಯೂ ಕೆಲಸ ಭಾಳ ಇತ್ತು ಅಂತ ಸುಳ್ಳು ಹೇಳಬಹುದಿತ್ತು, ಹೇಳಂಗಿಲ್ಲ. ಸುಮ್ಮ ಕುಂತಿದ್ದೆ. ಕಮಲಾಪುರದಿಂದ ಕಳಿಸಿದ ಕೆಂಪು ಬಾಳಿಹಣ್ಣು ಮುಟ್ಟಿದವು. ನನ್ನ ಅಕ್ಕ ನೀಲಗಂಗಮ್ಮ ನಿನಗ ಅತ್ತಿ ಆದಮ್ಯಾಲೂ ನನ್ನ ಕಾಗದ ತಾನ ಮೊದಲು ಕೇಳಬೇಕಂತಾಳ. ಓದಿ ಹೇಳು.

ಮೂರ್ತಿ ವಿಷಯ ಕೇಳೀದಿ. ಮಿಸರ್ ದೇಶದ ಲಡಾಯಿಗೆ ಹೋಗಿ ಸತ್ತ ನಮ್ಮ ಕಡಿ ಸವಾರರ ಹೆಸರಿಲೆ ಊರಾಗ ಮೂರ್ತಿ ನಿಲ್ಲಸಬೇಕಂತ ಕಮಿಟಿ ಆಗ್ಯಾದ. ನಮೂನೆ ತರ್ರಿ ಅಂದ್ರು. ಒಬ್ಬ ಗಡಿಯಾರದ ಬುರುಜು ಬರಕೊಂಡು ಬಂದಿದ್ದ, ಒಬ್ಬ ಸಿಂಹ. ನಾ ಮೊಳದುದ್ದ ಕರಿಕಲ್ಲಿನಾಗ ವೀರಗಲ್ಲು ಕಡದಿದ್ದೆ. ಒಂದು ಕುದುರಿ, ಬಾಜೂಕ ಲಗಾಮು ಹಿಡಕೊಂಡು ನಿಂತ ಕುದುರಿ ಆಳು. ಮುಖ ನಿನ್ನ ಗಂಡ ದೇವೀಂದ್ರಪ್ಪಂದು. ಲಡಾಯಿಗೆ ಹೋದವರ ಪೈಕಿ ನನಗ ಗೊತ್ತಿದ್ದ ಮುಖ ಅದೊಂದ. ನೀ ಹೆದರಿ ಬರದಿದ್ದಿ, "ಅಪ್ಪಾ, ಕಣ್ಣು ಮಾತ್ರ ಬಿಡಿಸಬ್ಯಾಡ" ಅಂತ. ನಮ್ಮ ಮನೆತನದ ರೂಢಿ ನನಗ ಕಲಸ್ತೀಯೇನ ಹುಚ್ಚಿ. ಕಣ್ಣು ಬಿಡಸೂದು ಸತ್ತವರಿಗೆ. ಬದುಕಿದ್ದವರ ಕಣ್ಣು ಖಾಲಿ ಬಿಡ್ತೀವಿ. ಖಾಲೀನ ಒಯ್ದಿದ್ದೆ.

ಕಮಿಟಿ ಸಾಹೇಬರು ನೋಡಿ ನಕ್ಕರು. "ಕುದುರಿ ಛಲೋ ಅದ ಖಂಡೆಪ್ಪ. ಆಳು ಯಾಕ? ಸವಾರ ಎಲ್ಲಿ?" ಅಂದ್ರು. ಇನ್ನೊಬ್ರು, "ಲಗಾಮು ಬಲಗೈಲೆ ಹಿಡೀತಾರ, ಇಷ್ಟೂ ತಿಳೀದಿಲ್ಲೇನು" ಅಂದ್ರು. ನಮ್ಮ ದೇವೀಂದ್ರ ಎಡಚ ಅಂತ ಅವರಿಗೇನು ಗೊತ್ತು. ಸವಾರನ ಮೂರ್ತಿ ಮುಂಬೈದಿಂದ ತರಸ್ತಾರಂತ. ಕೆಳಗಿನ ಕಟ್ಟಿ ಕಟ್ಟಿ, ಅದರ ಮ್ಯಾಲ ಸವಾರರ ಹೆಸರು ಕಡಿಯೂ ಕೆಲಸ ನನಗ ಕೊಟ್ರು. "ಕುದುರಿ ಆಳುಗಳ ಹೆಸರು ರೀ?" ಅಂದೆ. "ಅವರೇನು ಲಡಾಯಿ ಮಾಡ್ಯಾರ?" ಅಂದ್ರು. ಹೂಂ ಅಂದು ಕಲ್ಲು ಎತ್ಕೊಂಡು ಹೊರಗ ಬಂದೆ. ಸಿಟ್ಟೂ ಬರಲಿಲ್ಲ.

ಅಲ್ಲೇ ಅಂಗಳದಾಗ ನಬಿಸಾಬ್ ಅಂತ ಒಬ್ಬ ನಿಂತಿದ್ದ. ದೇವೀಂದ್ರ ಇದ್ದ ರಿಸಾಲೆದ, ಆ ಕುದುರಿ ದಂಡಿನ, ಸವಾರನ ಅವ, ಈಗ ತಿರುಗಿ ಬಂದಾನ. ಕಲ್ಲು ನೋಡಿದವನ, "ಇವ ದೇವೀಂದ್ರ ಅಲ್ಲೇನು? ಎಡಗೈಲೆ ಲಗಾಮು ಹಿಡಿಯಾವ ಇಡೀ ರಿಸಾಲೆದ ಕುದುರಿ ಆಳುಗಳಾಗ ಇವನೊಬ್ಬನ" ಅಂದ. ಮನೀಗೆ ಕರ್ಕೊಂಡು ಬಂದು ರೊಟ್ಟಿ ಹಾಕಿದೆ. ಅವ ಹೇಳಿದ್ದೆಲ್ಲ ಬಂದಾಗ ಹೇಳ್ತೀನಿ. ಸೋಮವಾರ ಬಂಡಿ ಕಟ್ಕೊಂಡು ಬರ್ತೀನಿ, ಕಲ್ಲೂ ತರ್ತೀನಿ.

ಅಕ್ಕಗ ನಮಸ್ಕಾರ ಹೇಳು. ನಿನಗ ಶರಣಬಸವಪ್ಪ ಗಟ್ಟಿ ಮನಸ್ಸು ಕೊಡ್ಲಿ.

ನಿನ್ನಪ್ಪ,
ಖಂಡೆಪ್ಪ

ತಾ. ಕ.: ಹಾಳಿಯ ಹಿಂದಿನ ಮಗ್ಗಲಿಗೆ ಬರದಿದ್ದನ್ನ ನೀ ಒಬ್ಬಾಕಿನ ಓದು.

ದೇವೀಂದ್ರ ತೀರಿ ಒಂದೂವರಿ ವರ್ಷ ಆತಂತ. ಮಿಸರದ ಆಚೆ ಒಂದು ಹೊಳಿ ದಂಡ್ಯಾಗ, ಚಳಿಜ್ವರ ಬಂದು. ನಬಿಸಾಬನ ನಿಂತು ಮಣ್ಣು ಮಾಡ್ಯಾನ. ಕುದುರಿ ಆಳಂತ ಹೆಸರು ಯಾರೂ ಬರಕೊಂಡಿಲ್ಲ, ಅದಕ್ಕ ನಮಗ ಸುದ್ದಿ ಬರಲಿಲ್ಲ. ತಿಂಗಳಿಂದ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಕುಂತೀನಿ. ನಾ ಬರೂತನಕ ಬಳಿ ಕೈಯಾಗಿರಲಿ, ಅಕ್ಕಗ ನಾನ ಹೇಳ್ತೀನಿ.

ನಿನ್ನೆ ಮುಂಜಾನೆ ಕಲ್ಲಿಗೆ ಕಣ್ಣು ಬಿಡಿಸಿದೆ. ಇವತ್ತು ಈ ಕಾಗದದ ಮ್ಯಾಲ, ಅಕ್ಕ ಕೇಳ್ತಾಳಂತ, ನಿನಗ ಸೌಭಾಗ್ಯವತಿ ಅಂತನ ಬರದೆ.