ಸಚಿವರು ಕುಡಿದ ಅಂಬಲಿ

ಕುಡಚಡೆಯ ಬಸ್ ನಿಲ್ದಾಣದಿಂದ ಪಣಜಿಯ ಕುರ್ಚಿಯವರೆಗೆ ಏರಿದ ಮಾನ್ಯ ಸಚಿವರೇ,

ಶಾಬಿ ವೇಳಿಪ ಎಂಬ ಎಪ್ಪತ್ತಾರು ವರ್ಷದ ಹೆಂಗಸು ಗುಡ್ಡದ ಮೇಲೆ ಒಂದು ದಿನವೂ ನಾಚಣಿ, ಅಂದರೆ ನಮ್ಮ ರಾಗಿ, ಬೆಳೆದಿಲ್ಲವಂತೆ. ಹಾಗಂತ ನಿಮ್ಮ ಸರ್ಕಾರದ ಕಡತ ಹೇಳುತ್ತದೆ. ತಾನು ಉಳುವ ಕಾಡುಭೂಮಿಗೆ ಹಕ್ಕುಪತ್ರ ಕೊಡಿ ಎಂದು ಆಕೆ ಅರ್ಜಿ ಹಾಕಿ ಹನ್ನೆರಡು ವರ್ಷವಾಯಿತು. ಈಗ 'ಸ್ಥಳದಲ್ಲಿ ಸಾಗುವಳಿಯ ಕುರುಹು ಕಂಡುಬಂದಿಲ್ಲ' ಎಂದು ಒಂದೇ ಒಂದು ಸಾಲು ಗೀಚಿ, ಬರುವ ತಿಂಗಳು ಹತ್ತೊಂಬತ್ತಕ್ಕೆ ಕೊನೆಯ ವಿಚಾರಣೆ ಎಂದು ನೋಟಿಸು ಕಳಿಸಿದ್ದಾರೆ. ಅಂದು ಸಾಕ್ಷಿ ತರದಿದ್ದರೆ ಅರ್ಜಿ ವಜಾ, ಜಾಗಕ್ಕೆ ಅರಣ್ಯದವರ ಬೇಲಿ. ಆ ಅರ್ಜಿ ಬರೆದ ಕೈ ಯಾರದು, ನೆನಪಿದೆಯೇ? ನಿಮ್ಮದೇ. ನನ್ನ ಹೊಲಿಗೆ ಮಷೀನಿನ ಹಲಗೆಯ ಮೇಲೆ ಕಾಗದವಿಟ್ಟು, ನನ್ನದೇ ಪೆನ್ನು ಇಸಿದುಕೊಂಡು ಬರೆದಿರಿ. ಪೆನ್ನು ಇನ್ನೂ ವಾಪಸು ಬಂದಿಲ್ಲ.

ನಾನು ಜೈನಬ. ಮುದ್ದೇಬಿಹಾಳದ ಕಡೆಯವಳು. ಇಪ್ಪತ್ತೆಂಟು ವರ್ಷದಿಂದ ಕುಡಚಡೆ ಸ್ಟೇಷನ್ನಿನ ಹಿಂದೆ ಕೂತು ಊರಿನವರ ರವಿಕೆ ಹೊಲಿಯುತ್ತಿದ್ದೇನೆ. ಹೊರಗಿನಿಂದ ಬಂದವಳಿಗೆ ಗೋವಾದ ರಾಜಕೀಯ ಏನು ಗೊತ್ತು ಎಂದು ನಿಮ್ಮ ಕಾರ್ಯಕರ್ತರು ಮೂಗು ಮುರಿಯುವ ಮೊದಲೇ ಒಪ್ಪಿಕೊಳ್ಳುತ್ತೇನೆ: ರಾಜಕೀಯ ಗೊತ್ತಿಲ್ಲ. ನೀವು ಮಾತ್ರ ಚೆನ್ನಾಗಿ ಗೊತ್ತು.

ಕುಡಚಡೆಯಿಂದ ಕೇಪೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನೀವು ಕಂಡಕ್ಟರಾಗಿದ್ದಿರಿ. 'ಫುಡೆಂ ವಚ್, ಫುಡೆಂ ವಚ್' ಎಂದು, ಅಂದರೆ ಮುಂದೆ ಹೋಗಿ ಮುಂದೆ ಹೋಗಿ ಎಂದು ಕೂಗುತ್ತ, ಮೂವತ್ತು ಸೀಟಿನ ಗಾಡಿಯಲ್ಲಿ ಎಪ್ಪತ್ತು ಜನರನ್ನು ತುರುಕುತ್ತಿದ್ದಿರಿ. ಆಮೇಲೆ ಪಂಚಾಯತಿ ಸದಸ್ಯರಾದಿರಿ, ಅದಿರಿನ ಲಾರಿಗಳಿಗೆ ಅಡ್ಡ ಮಲಗಿದಿರಿ. ಮೊದಲ ದಿನ ಮಲಗಿದ್ದು ನಮ್ಮ ಯಜಮಾನರು ಹಾರೂನ ಓಡಿಸುತ್ತಿದ್ದ ಲಾರಿಯ ಮುಂದೆಯೇ. ಹನ್ನೊಂದು ದಿನ ಅವರಿಗೆ ದುಡಿಮೆ ಇಲ್ಲ. ನಿಮ್ಮನ್ನು ಬಾಯಿತುಂಬ ಬೈಯುತ್ತಲೇ ಅವರು ನಿಮಗೆ ನೀರಿನ ಕ್ಯಾನು ತಂದುಕೊಟ್ಟರು, ನಾನು ನಿಮ್ಮ ಬ್ಯಾನರು ಹೊಲಿದುಕೊಟ್ಟೆ. ಯಾಕೆಂದರೆ ನೀವು ಹೇಳುತ್ತಿದ್ದದ್ದು ನಿಜವಿತ್ತು. ಈ ಗುಡ್ಡಗಳ ಮೂಲದ ಜನರಾದ ಗಾವಡಾ, ಕುಣಬಿ, ವೇಳಿಪರಿಗೆ ಅವರ ಗುಡ್ಡದ ಮೇಲೆ ಒಂದು ಚೂರು ಕಾಗದವೂ ಇರಲಿಲ್ಲ. ಅವರ ಪರವಾಗಿ ಬಾಯಿ ಬಿಡುವವನೊಬ್ಬ ಕೊನೆಗೂ ಹುಟ್ಟಿದ ಎಂದು ಪೇಟೆಗೆ ಪೇಟೆಯೇ ಹಿಗ್ಗಿತು.

ಶಾಸಕರಾದಿರಿ. ಒಂದು ಪಕ್ಷ ಬಿಟ್ಟು ಇನ್ನೊಂದಕ್ಕೆ ಹೋದಿರಿ, ಅದನ್ನೂ ಬಿಟ್ಟು ಮತ್ತೊಂದಕ್ಕೆ ಹೋದಿರಿ. ಪ್ರತಿ ಸಲವೂ 'ನನ್ನ ಜನರಿಗಾಗಿ' ಎಂದಿರಿ. ನಿಮ್ಮ ಜನ ನಿಂತಲ್ಲೇ ನಿಂತಿದ್ದಾರೆ ಸ್ವಾಮಿ, ಮುಂದೆ ಹೋದದ್ದು ಕಂಡಕ್ಟರ್ ಒಬ್ಬನೇ. ಈಗ ನಿಮ್ಮ ಕಾರಿನ ಗಾಜಿಗೆ ಎಂಥ ಕಪ್ಪು ಹಚ್ಚಿಸಿದ್ದೀರೆಂದರೆ ಒಳಗೆ ನೀವಿದ್ದೀರೋ ಬರೀ ಸೀಟಿದೆಯೋ ನಮಗೆ ತಿಳಿಯುವುದಿಲ್ಲ.

ಕಳೆದ ತಿಂಗಳು ನಿಮ್ಮ ಆಪ್ತ ಸಹಾಯಕರು ನನ್ನ ಅಂಗಡಿಗೆ ದಯಮಾಡಿಸಿದ್ದರು. ನಿಮ್ಮ ಬುಡಕಟ್ಟು ಉತ್ಸವದ ಕುಣಿತಕ್ಕೆ ನಲವತ್ತು ಕುಣಬಿ ಸೀರೆ ಬೇಕು, ಹೆಗಲ ಮೇಲಿನ ಗಂಟನ್ನು ಮೊದಲೇ ಹೊಲಿದು ಟಿಚ್ ಬಟನ್ ಹಚ್ಚಿ ಕೊಡಬೇಕು ಎಂದರು. ಕುಣಿಯುವ ಕಾಲೇಜು ಹುಡುಗಿಯರಿಗೆ ಗಂಟು ಕಟ್ಟಲು ಬಾರದಂತೆ. "ಗಂಟು ಕಟ್ಟಾಕ ಬರೋ ಹೆಣ್ಮಕ್ಕಳು ಊರಾಗ ಅದಾರಲ್ರಿ, ಅವರನ್ನ ಕರೀರಿ" ಎಂದೆ. "ಅವರು ಬಂದರೆ ಅರ್ಜಿ ಹಿಡಿದುಕೊಂಡೇ ಬರುತ್ತಾರೆ" ಎಂದು ನಕ್ಕರು. ಪುಣ್ಯಾತ್ಮ, ನಿಮ್ಮ ಕಚೇರಿಯಲ್ಲಿ ಸುಳ್ಳು ಹೇಳದವರು ಒಬ್ಬರಾದರೂ ಇದ್ದಾರಲ್ಲ! ನಾನು ಹೊಲಿದೆ. ಹೊಟ್ಟೆಪಾಡು, ಏನು ಮಾಡಲಿ?

ಹೊಲಿಯುತ್ತ ಕೂತಾಗಲೇ ಶಾಬಿಬಾಯಿ ನೋಟಿಸು ಹಿಡಿದುಕೊಂಡು ಬಂದಳು. ಸಂತೆಯಲ್ಲಿ ನಮ್ಮ ಹೆಂಗಸರ ಪಕ್ಕ ಕೂತು ಗೆಣಸು ಮಾರಿ ಮಾರಿ ಅವಳಿಗೆ ನನ್ನಷ್ಟೇ ಕನ್ನಡ ಬರುತ್ತದೆ. "ಏನ ಗೋ ಜೈನಬಾ, ಸೀರಿಗಿ ಅಂಗೀಗತೆ ಗುಂಡಿ ಹಚ್ಚಾಕತ್ತೀ?" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ಕಾಗದ ಚಾಚಿ, "ಇದನ್ನೊಂಚೂರು ಓದು" ಎಂದಳು. ಓದಿದೆ. ಅವಳ ನಗು ನಿಂತಿತು.

ಕುಮೇರಿ ಎಂದರೇನೆಂದು ನಿಮಗೆ ನಾನು ಹೇಳಿಕೊಡಬೇಕೇ? ಇಳಿಜಾರಿನ ಪೊದೆ ಸವರಿ, ಸುಟ್ಟು, ಎರಡು ವರ್ಷ ನಾಚಣಿ ಬೆಳೆದು, ಮುಂದೆ ನಾಲ್ಕೈದು ವರ್ಷ ನೆಲವನ್ನು ಅದರ ಪಾಡಿಗೆ ಬಿಡುವುದು. ಎರಡು ವರ್ಷದ ಹಿಂದೆ ನಿಮ್ಮ ಅಧಿಕಾರಿಗಳು ಅಳೆಯಲು ಬಂದದ್ದು ಹಾಗೆ ನೆಲ ಬಿಟ್ಟ ವರ್ಷದಲ್ಲಿ. ಎಲ್ಲಿದೆಯಮ್ಮಾ ನಿನ್ನ ಹೊಲ ಎಂದರೆ ಈಕೆ ಪೊದೆ ತೋರಿಸಿ, "ಈಗ ಮಲಗೇತ್ರಿ ಅದು, ಇನ್ನೆರಡು ವರ್ಷ ಬಿಟ್ಟು ಬರ್ರಿ" ಎಂದಳಂತೆ. ಸಾಹೇಬರು ನಕ್ಕರು, ಕುರುಹು ಇಲ್ಲವೆಂದು ಬರೆದರು. ಅವರು ಬರುವ ಹಿಂದಿನ ದಿನವೇ ಹಾರೂನ ಹೇಳಿದ್ದರು, ಒಂದಿಷ್ಟು ಪೊದೆ ಕಡಿದು ಹೊಲದಂತೆ ಮಾಡಿಡು ಎಂದು. ಕೇಳಿದಳೇ? "ತೋರಿಸಾಕಂತ ನೆಲ ಕಡೀಬೇಕೇನ? ಅದರ ಪಾಳಿ ಇನ್ನಾ ಬಂದಿಲ್ಲ" ಎಂದು ಅವರಿಗೇ ಗದರಿದಳು. ಆ ಪಾಳಿ ಬರುವುದು ಈ ಮಳೆಗೆ. ಬೀಜ ತೆಗೆದಿಟ್ಟು ಕೂತಿದ್ದಾಳೆ.

ಕಾಗದವಿಲ್ಲದಿದ್ದರೂ ಊರಿನ ಹಿರಿಯರು ನೋಡಿದ್ದನ್ನು ಹೇಳಿ ಸಹಿ ಮಾಡಿದರೆ ಅದೂ ಪುರಾವೆಯೇ ಎನ್ನುತ್ತದೆ ಕಾಯ್ದೆ. ಅಂದು ನೀವೇ ಅರ್ಜಿಯಲ್ಲಿ ಮೂವರು ಹಿರಿಯರ ಹೆಸರು ಬರೆದಿರಿ. ಅವರನ್ನು ಯಾರೂ ವಿಚಾರಿಸಲೇ ಇಲ್ಲ. ಕಡತ ಮೇಜಿನಿಂದ ಮೇಜಿಗೆ ಆರಾಮಾಗಿ ಸವಾರಿ ಮಾಡುತ್ತಿರುವಾಗ ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ನಾನು ಹೇಳುತ್ತೇನೆಂದು ಕಚೇರಿಗೆ ಹೋದೆ. ನೀನು ಆ ಊರಿನವಳಲ್ಲ, ನಡಿ ಎಂದರು.

ಆದರೆ ಒಬ್ಬ ಸಾಕ್ಷಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಮೂರು ಚುನಾವಣೆಯಲ್ಲೂ ಅವನ ಹೇಳಿಕೆಯನ್ನು ನಾನು ಮೈಕಿನಲ್ಲಿ ಕೇಳಿದ್ದೇನೆ. 'ಹನ್ನೆರಡು ವರ್ಷದವನಿದ್ದಾಗ ನಮ್ಮೂರ ಗುಡ್ಡಕ್ಕೆ ದನ ಹೊಡೆದುಕೊಂಡು ಹೋಗುತ್ತಿದ್ದೆ. ಶಾಬಿಬಾಯಿ ತನ್ನ ಕುಮೇರಿಯ ನಾಚಣಿಯಿಂದ ಅಂಬಲಿ ಮಾಡಿ ಕೊಡುತ್ತಿದ್ದಳು. ಆ ಅಂಬಲಿಯಿಂದ ಬೆಳೆದ ಮೈ ಇದು!' ಇಷ್ಟು ಹೇಳಿ ನೀವು ಕರ್ಚೀಫು ತೆಗೆಯುತ್ತಿದ್ದಿರಿ. ಬೆನ್ನ ಹಿಂದಿನ ಬಾವುಟ ಮೂರು ಸಲವೂ ಬೇರೆ ಬೇರೆ, ಅಂಬಲಿ ಮಾತ್ರ ಅದೇ. ಈಗ ಹೇಳಿ, ಕಡತ ಸುಳ್ಳೋ, ಅಂಬಲಿ ಸುಳ್ಳೋ?

ನಿಮ್ಮನ್ನೇ ಕರೆಯೋಣ ಎಂದರೆ ಶಾಬಿಬಾಯಿ ಬೇಡ ಎನ್ನುತ್ತಾಳೆ. "ಅವ ಈಗ ಭಾಳ ದೊಡ್ಡಾವ ಆಗ್ಯಾನ. ನನ್ನ ಸಂಬಂಧ ಕಚೇರಿ ಬಾಗಲಕ ನಿಂತ್ರ ಅವನ ಮಾನ ಹೋಗ್ತೈತಿ" ಎನ್ನುತ್ತಾಳೆ. ನೆಲ ಹೋಗುವ ಹೊತ್ತಿನಲ್ಲೂ ನಿಮ್ಮ ಮಾನ ಕಾಯುವವಳು! ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವಳಿಗೆ ಹೇಳದೆಯೇ ಈ ಪತ್ರ ಬರೆದು ಪತ್ರಿಕೆಗೆ ಕೊಟ್ಟಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹೊಸ ಯೋಜನೆ ಬೇಡ, ಶಾಲು ಬೇಡ, ಸನ್ಮಾನ ಬೇಡ. ಹತ್ತೊಂಬತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆಗೆ ಬನ್ನಿ. ಸಚಿವರಾಗಿ ಬರಬೇಡಿ, ಆ ಊರಿನ ಹಿರಿಯನಾಗಿ ಬನ್ನಿ. ಕೂದಲಿಗೆ ಎಷ್ಟೇ ಕಪ್ಪು ಹಚ್ಚಿದರೂ ನಿಮ್ಮ ಚುನಾವಣಾ ಪ್ರಮಾಣಪತ್ರದಲ್ಲಿ ವಯಸ್ಸು ಅರವತ್ತೆರಡು. ಮೈಕಿನಲ್ಲಿ ಹೇಳಿದ್ದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕಿ. ಬರುವುದಿಲ್ಲ ಎನ್ನುವಿರಾದರೆ ಮುಂದಿನ ಚುನಾವಣೆಯಲ್ಲಿ ದಯವಿಟ್ಟು ಆ ಕಥೆ ಎತ್ತಬೇಡಿ. ಯಾಕೆಂದರೆ ಹತ್ತೊಂಬತ್ತರ ಸಂಜೆಯ ಹೊತ್ತಿಗೆ, ನೀವು ಅಲ್ಲಿ ಅಂಬಲಿ ಕುಡಿದೇ ಇಲ್ಲವೆಂದು ನಿಮ್ಮದೇ ಸರ್ಕಾರ ಮೊಹರು ಒತ್ತಿ ತೀರ್ಪು ಕೊಟ್ಟಿರುತ್ತದೆ.

ಇಂತಿ,
ಮುದ್ದೇಬಿಹಾಳದಲ್ಲಿ ಗೋವಾದವಳು, ಗೋವಾದಲ್ಲಿ ಘಟ್ಟದಾಚೆಯ ಘಾಟಿಯವಳು,
ಯಾವ ಊರಿಗೂ ಹಿರಿಯಳಾಗದೆ ಮುದುಕಿಯಾಗುತ್ತಿರುವ
ಜೈನಬ
ಸ್ಟೇಷನ್ನಿನ ಹಿಂದೆ, ಕುಡಚಡೆ