ನಲಿಕಲಿ ಕೋಣೆಗೆ ಬಂದ ಮುಧೋಳ ನಾಯಿ

ಜುಲೈ 2, ಮಂಗಳವಾರ. ಊಟದ ಬಿಡುವು

ಮಕ್ಕಳು ತಾಟು ಹಿಡಿದು ಸಾಲಾಗಿ ಕೂತಿದ್ದಾರೆ. ನನ್ನ ಡಬ್ಬಿ ಇನ್ನೂ ಬಿಚ್ಚಿಲ್ಲ. ಮೊದಲು ಇದನ್ನು ಬರೆಯಬೇಕು, ಇಲ್ಲದಿದ್ದರೆ ಜಮಖಂಡಿ ಬಸ್ಸಿನ ನೂಕಾಟದಲ್ಲಿ ಎಲ್ಲ ಮರೆತುಹೋಗುತ್ತದೆ.

ಇವತ್ತು 'ನ' ಅಕ್ಷರ. ಕಾರ್ಡು ಎತ್ತಿ ಹಿಡಿದು ನಾಯಿ ಅಂದೆ. ಯಾರೂ ನೋಡಲಿಲ್ಲ. ನಲಿಕಲಿ ಅಂದರೆ ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಗೋಡೆಯಾಚೆ ಪಾವರ್‌ಲೂಮ್‌ಗಳ ಖಟಖಟ. ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಕಾರ್ಡು ಬದಿಗಿಟ್ಟೆ. ಮುಧೋಳದಿಂದ ಒಂದು ನಾಯಿ ನಮ್ಮ ಬನಹಟ್ಟಿಗೆ ಓಡಿ ಬಂತು ಅಂದೆ. ಉದ್ದ ಕಾಲು, ಸಣ್ಣ ನಡು, ಗಾಳಿಯಂಥ ಓಟ... ಮುಂದೆ ಏನು ಹೇಳುವುದೋ ಗೊತ್ತಿರಲಿಲ್ಲ. ನಿಂತುಬಿಟ್ಟೆ.

ಎರಡನೇ ತರಗತಿಯ ಅನುರಾಧಾ ಎದ್ದಳು. "ಭಾಳ ಜೋರ ಓಡೇತ್ರಿ ಅಕ್ಕಾರ. ಅದರ ದನಿ ಹಿಂದ ಉಳದೈತಿ."

ಅಷ್ಟೇ. ಇಡೀ ಕೋಣೆ ತಿರುಗಿ ಅವಳನ್ನು ನೋಡಿತು. ದನಿ ಎಲ್ಲಿ ಉಳಿಯಿತು ಎಂದು ಒಬ್ಬ ಕೇಳಿದ. ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಅಂದಳು. ಅಲ್ಲಿಂದ ತಪ್ಪು ಬಸ್ಸು ಹತ್ತಿ ಲೋಕಾಪುರಕ್ಕೆ ಹೋಗಿದೆ ಎಂದು ಮೂರನೇ ತರಗತಿಯ ರಾಹುಲ ಸೇರಿಸಿದ. ಪಾಪ, ನಾಯಿ ಬಾಯಿ ತೆರೆದರೆ ಏನೂ ಬರುವುದಿಲ್ಲ.

ಡಬ್ಬಿ ಆರಿಹೋಗಿದೆ. ಇರಲಿ.

ಜುಲೈ 3, ಬುಧವಾರ. ಸಂಜೆ ಬಸ್ಸಿನಲ್ಲಿ

ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಅಕ್ಷರ ಸೊಟ್ಟ ಬಂದರೂ ಸರಿ.

ಪಡಸಾಲೆಯ ನೆಲದ ಮೇಲೆ ಚಾಕ್‌ನಿಂದ ಓಣಿ ಬರೆದೆವು. ಎರಡೂ ಕಡೆ ಮನೆಗಳು. ಪ್ರತಿ ಬಾಗಿಲಿಗೂ ಒಂದು ಅಕ್ಷರ. ನಾಯಿ ಬಾಗಿಲು ಬಡಿದು ದನಿ ಸಾಲ ಕೇಳುತ್ತದೆ. 'ಕ' ಮನೆಯಲ್ಲಿ ಯಾರಿದ್ದಾರೆ? ಕಾಗೆ, ಕತ್ತೆ, ಕಪ್ಪೆ. ಪುಟ್ಟವರು ಚಿತ್ರ ಬರೆಯಬೇಕು, ದೊಡ್ಡವರು ಹೆಸರು ಬರೆಯಬೇಕು. ಕಪ್ಪೆಯ ದನಿ ನಾಯಿಗೆ ಸಣ್ಣದಾಯಿತಂತೆ. ಕತ್ತೆಯದು ದೊಡ್ಡದಾಯಿತಂತೆ.

ರಾಹುಲ ಮನೆಯಿಂದ ಸೀರೆ ಅಂಚಿನ ತುಂಡು ತಂದ. ಅದೇ ಬಾಲ. ಬಾಲ ಕಟ್ಟಿಕೊಂಡವರೇ ನಾಯಿ. ಅನುರಾಧಾ ಕಟ್ಟಿಕೊಂಡವಳು ಬಿಚ್ಚಲು ಒಪ್ಪಲಿಲ್ಲ.

ಒಂದನೇ ತರಗತಿಯ ಅಮಸಿದ್ದಪ್ಪ ದಿನಾ ಹನ್ನೊಂದಕ್ಕೆ ಮನೆಗೆ ಹೋಗುತ್ತೇನೆಂದು ಅಳುವವನು. ಇವತ್ತು 'ಗ' ಬಾಗಿಲ ಮೇಲೆ ಕೂತು, ಒಳಗೆ ಗೂಳಿ ಇದೆ, ಯಾರೂ ಬರಬೇಡಿ ಎಂದು ಕಾವಲು ಕಾದ. ಅಳಲು ಅವನಿಗೆ ಪುರುಸೊತ್ತೇ ಇರಲಿಲ್ಲ.

ಜುಲೈ 8, ಸೋಮವಾರ

ಅನುರಾಧಾಳ ಅವ್ವ ಯಲ್ಲವ್ವ ಬಂದಿದ್ದಳು. ಮನೆಯಲ್ಲೇ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುವವಳು, ಬೆರಳಿಗೆ ಎಳೆ ಅಂಟಿಕೊಂಡೇ ಇತ್ತು. ಬಾಗಿಲಲ್ಲೇ ನಿಂತು ಮಾತಾಡಿದಳು.

"ನಮ್ಮ ಹುಡುಗಿ ನಾಕ ಕಾಲ ಮ್ಯಾಲ ಅಡ್ಡಾಡಾಕತ್ತಾಳ್ರಿ ಮನ್ಯಾಗ. ಓದ ಅಂದ್ರ, ನಾಯಿಗೆ ಇನ್ನಾ ದನಿ ಸಿಕ್ಕಿಲ್ಲ ಅಂತಾಳ. ಹಿಂಗ ಕಲಿಸೂದೇನ್ರಿ ನೀವು?"

ಮಗಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುವ ವಿಚಾರ ಗಂಡನಿಗೆ ಮೊದಲಿನಿಂದ ಇದೆಯಂತೆ. ತಾನೇ ತಡೆದಿದ್ದಳಂತೆ. ಈಗ ಯಾವ ಮುಖ ಇಟ್ಟುಕೊಂಡು ತಡೆಯಲಿ ಎಂದಳು. ಹಿಂದೆ ಇನ್ನಿಬ್ಬರು ತಾಯಂದಿರು ನಿಂತಿದ್ದರು. ಅವರೂ ಹೌದೆಂದು ತಲೆ ಆಡಿಸಿದರು.

ಅವಳು ಹೋದ ಮೇಲೆ ಹತ್ತು ಉತ್ತರ ಹೊಳೆದವು.

ಜುಲೈ 9, ಮಂಗಳವಾರ

ಹೆಡ್‌ಮಾಸ್ತರ್ ಮಲ್ಲಿನಾಥ ಸರ್ ಆಫೀಸಿಗೆ ಕರೆದರು. ಒಳ್ಳೆಯ ಮನುಷ್ಯ, ಗದರುವುದಿಲ್ಲ. ಅದೇ ಕಷ್ಟ. ಮಕ್ಕಳು ಕಡಿಮೆಯಾದರೆ ಒಂದು ಪೋಸ್ಟ್ ಹೋಗುತ್ತದೆ, ಹೊಸದಾಗಿ ಬಂದವಳು ನಾನು, ಹೋಗುವುದು ನನ್ನದೇ ಎಂದು ಮೆತ್ತಗೆ ಹೇಳಿದರು. ಕಥೆ ಸಾಕು, ಕಾಪಿ ಬರೆಸಿ ಎಂದರು.

ಶನಿವಾರ ತಾಯಂದಿರನ್ನು ಕರೆಯುತ್ತೇನೆ ಸರ್, ನೀವೂ ಬನ್ನಿ, ನೋಡಿ ಆಮೇಲೆ ಹೇಳಿ ಅಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆ ಹೆದರಿಕೆ. ಅವರು ಕನ್ನಡಕ ಒರೆಸಿ ಹಾಕಿಕೊಂಡರು. "ನಡೀರಿ, ನೋಡೂಣು" ಅಂದರು.

ಜುಲೈ 13, ಶನಿವಾರ. ಬಸ್‌ಸ್ಟ್ಯಾಂಡ್

ಒಂದು ಬಸ್ಸು ಬಿಟ್ಟೆ, ಬೇಕಂತಲೇ. ಕೂತು ಬರೆಯಬೇಕು.

ತಾಯಂದಿರು ಚಾಪೆಯ ಮೇಲೆ. ಯಲ್ಲವ್ವ ಹಿಂದಿನ ಸಾಲಿನಲ್ಲಿ, ಸೆರಗು ಬಿಗಿ ಮಾಡಿಕೊಂಡು. ಮಲ್ಲಿನಾಥ ಸರ್ ಕಂಬಕ್ಕೆ ಒರಗಿ. ಬಾಲ ಕಟ್ಟಿಕೊಂಡ ಅನುರಾಧಾ ಚಾಕ್ ಓಣಿಯಲ್ಲಿ ಹೊರಟಳು. ಆರಂಭ ಕೆಟ್ಟಿತು. ಜನ ನೋಡಿ ಮಕ್ಕಳು ಮಾತು ಮರೆತರು. ಮಗ್ಗಗಳ ಸದ್ದಿನಲ್ಲಿ ಇದ್ದ ಮಾತೂ ಕೇಳಲಿಲ್ಲ. ಒಬ್ಬ ತಾಯಿ ಏಳಲು ನೋಡಿದಳು.

ಆಗ ಕರೆಂಟ್ ಹೋಯಿತು.

ಒಮ್ಮೆಗೇ ಎಲ್ಲ ಮಗ್ಗ ನಿಂತವು. ಓಣಿಗೆ ಓಣಿಯೇ ಮೌನ. ಅಂಥ ಮೌನ ನಾನು ಈ ಊರಲ್ಲಿ ಕೇಳಿಯೇ ಇರಲಿಲ್ಲ. ಆ ಮೌನದಲ್ಲಿ ನಾಯಿ ಕೊನೆಯ ಬಾಗಿಲು ಬಡಿದದ್ದು ಟಕ್ ಟಕ್ ಎಂದು ಕೇಳಿಸಿತು. ಒಳಗೆ ಸೋಮವ್ವ ಎಂಬ ಅಜ್ಜಿ, ಅಂದರೆ ತಲೆಗೆ ಟವೆಲ್ ಹೊದ್ದ ರಾಹುಲ. ದನಿ ಇಲ್ಲ, ಮುಂದೆ ಹೋಗು ಎಂದು ಗದರಿದ.

"ಮುಧೋಳದಿಂದ ಓಡಿ ಬಂದೈತಿ. ಮೊದಲ ನೀರ ಕೊಡ್ರಿ ಅದಕ್ಕ."

ಯಲ್ಲವ್ವ. ಹಿಂದಿನ ಸಾಲಿನಿಂದ. ಹೇಳಿದ ಮೇಲೆ ತಾನೇ ನಾಚಿ ತಲೆ ತಗ್ಗಿಸಿದಳು. ಆದರೆ ಮಕ್ಕಳು ಬಿಡಬೇಕಲ್ಲ. ನೀರು ಎಲ್ಲಿದೆ ಎಂದು ಅವಳನ್ನೇ ಕೇಳಿದರು. ಅನುರಾಧಾ ಚಾಕ್ ತೆಗೆದುಕೊಂಡಳು. ಬಾಗಿಲ ಮುಂದೆ ಒಂದು ಬಟ್ಟಲು ಬರೆದು, ಕೆಳಗೆ ನಿಧಾನಕ್ಕೆ, ನಾಲಿಗೆ ಕಚ್ಚಿಕೊಂಡು ಬರೆದಳು: ನಾಯಿ ನೀರು ಕುಡಿ. ನಾನು ಹೇಳಿಕೊಟ್ಟದ್ದಲ್ಲ. ಯಲ್ಲವ್ವ ಎದ್ದು ಬಂದು ಬಗ್ಗಿ ನೋಡಿದಳು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಆಮೇಲೆ ಮಗಳ ತಲೆಯ ಮೇಲೆ ಕೈ ಇಟ್ಟಳು.

ಅಷ್ಟರಲ್ಲಿ ಗೇಟಿನ ಹತ್ತಿರ ನೇಕಾರರು. ಮಗ್ಗ ನಿಂತರೆ ಅವರಿಗೆ ಏನು ಕೆಲಸ? ಲೋಕಾಪುರದ ಬಸ್ಸು ಬಂತು, ದನಿ ಇಳಿಯಬೇಕು, ದನಿ ಯಾರು ಮಾಡುತ್ತಾರೆ ಎಂದು ಮಕ್ಕಳು ಜಗಳಾಡುತ್ತಿದ್ದರು. ಗೇಟಿನ ಸರಳು ಹಿಡಿದು ನಿಂತಿದ್ದ ಮುದಕಪ್ಪ ಎಂಬ ಹಿರಿಯ ನೇಕಾರ ಗಂಟಲು ಸರಿಮಾಡಿಕೊಂಡು ಬೊಗಳಿದ. ಎಂಥ ಬೊಗಳು! ನಿಜವಾದ ಓಣಿ ನಾಯಿಗಳೆಲ್ಲ ಉತ್ತರ ಕೊಟ್ಟವು. ಅನುರಾಧಾ ಬಾಯಿ ತೆರೆದು ಆ ದನಿ ನುಂಗಿದಳು, ಆಮೇಲೆ ತಾನೇ ಬೊಗಳಿದಳು. ಮಲ್ಲಿನಾಥ ಸರ್ ಕಂಬ ಹಿಡಿದುಕೊಂಡು ನಗುತ್ತಿದ್ದರು.

ಬಸ್ಸು ಬಂತು. ಹತ್ತಬೇಕು.

ಜುಲೈ 15, ಸೋಮವಾರ

ಅನುರಾಧಾ ಬಂದಿಲ್ಲ.

ಮುಂಜಾನೆ ಹಳದಿ ವ್ಯಾನ್ ಹತ್ತಿದಳು, ಟೈ ಕಟ್ಟಿದ್ದಳು ಎಂದು ರಾಹುಲ ಹೇಳಿದ. ಶನಿವಾರ ನಾವು ಇಲ್ಲಿ ಬೊಗಳುತ್ತಿದ್ದಾಗಲೇ ಅವಳಪ್ಪ ಇಂಗ್ಲಿಷ್ ಮೀಡಿಯಮ್ ಶಾಲೆಯಲ್ಲಿ ಹೆಸರು ಹಚ್ಚಿ ಬಂದಿದ್ದಾನೆ.

ಮಲ್ಲಿನಾಥ ಸರ್ ತಮ್ಮ ಚಹಾದ ಕಪ್ಪು ನನ್ನ ಕಡೆ ಸರಿಸಿದರು.

ಜುಲೈ 26, ಶುಕ್ರವಾರ

ಇಷ್ಟು ದಿನ ಬರೆಯಲು ಮನಸ್ಸೇ ಬರಲಿಲ್ಲ. ಇವತ್ತು ಬರೆಯದೆ ಇರಲಾಗದು.

ಅವತ್ತು ಯಲ್ಲವ್ವನ ಹಿಂದೆ ನಿಂತಿದ್ದ ಇಬ್ಬರು ತಾಯಂದಿರು ಮಕ್ಕಳನ್ನು ಬಿಡಿಸಲಿಲ್ಲ. ಸರ್ ಪೋಸ್ಟಿನ ಮಾತು ಎತ್ತುವುದಿಲ್ಲ. ಮೊನ್ನೆಯಿಂದ ಕಥೆಯ ಬಸ್ಸಿನ ಕಂಡಕ್ಟರ್ ಪಾತ್ರ ಅವರೇ ಮಾಡುತ್ತಾರೆ, ಟಿಕೆಟ್ ಮೇಲೆ ಊರ ಹೆಸರು ಓದಿದವರಿಗಷ್ಟೇ ಸೀಟು. ಅಮಸಿದ್ದಪ್ಪ ಇವತ್ತು 'ತುಬಚಿ' ಓದಿದ. ಓದಿ, ಸೀಟಿನಲ್ಲಿ ಕೂರದೆ ಕುಣಿದ. ನಾನೂ ಕುಣಿದೆ.

ಸಂಜೆ ಯಲ್ಲವ್ವ ಓಣಿಯಲ್ಲಿ ಸಿಕ್ಕಳು. ನಾನೇ ನಿಂತೆ. ಅವಳು ನೆಲ ನೋಡುತ್ತ ಮಾತಾಡಿದಳು.

"ಇಂಗ್ಲಿಷ್ ಬರ್ಲಿ ಅಂತ ಅವರಪ್ಪನ ಆಸೆ ಐತ್ರಿ. ಆಸೆ ಮಾಡೂದು ತಪ್ಪಲ್ಲ ಹೌದಿಲ್ರಿ ಅಕ್ಕಾರ?"

ತಪ್ಪಲ್ಲ ಅಂದೆ. ಖರೇನೇ ಅಂದೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ. ಮನೆಯಲ್ಲಿ ಸುಮ್ಮನಿರುತ್ತಾಳಂತೆ, ಆದರೆ ವ್ಯಾನಿನಲ್ಲಿ ಒಂದು ನಿಮಿಷ ಬಾಯಿ ಮುಚ್ಚುವುದಿಲ್ಲವೆಂದು ಡ್ರೈವರ್ ದೂರಿದ್ದಾನಂತೆ. ಏನು ಮಾತಾಡುತ್ತಾಳೋ ಯಲ್ಲವ್ವನಿಗೂ ಗೊತ್ತಿಲ್ಲ.

ಆಗಸ್ಟ್ 3, ಶನಿವಾರ. ಶಾಲೆಯ ಕಟ್ಟೆ

ಶಾಲೆ ಬಿಟ್ಟಾಗಿದೆ. ಸರ್ ಬೀಗ ಹಾಕಲು ಹೊರಟವರು ಗೇಟಿನಲ್ಲೇ ನಿಂತು ನನ್ನನ್ನು ಕರೆದರು.

ಹೊರಗೆ ಟೈ ಕಟ್ಟಿದ ಮಕ್ಕಳ ಗುಂಪು, ಬೆನ್ನಿಗೆ ದೊಡ್ಡ ದೊಡ್ಡ ಬ್ಯಾಗು. ಮುಂದೆ ಅನುರಾಧಾ. ಜೊತೆಗೆ ಯಲ್ಲವ್ವ. ವ್ಯಾನಿನವನಿಗೆ ಹೇಳಿ ಎಲ್ಲರನ್ನೂ ಇಲ್ಲೇ ಇಳಿಸಿಕೊಂಡಿದ್ದಾಳೆ, ಮನೆಗಳಿಗೂ ಹೇಳಿ ಬಂದಿದ್ದಾಳೆ. ಶನಿವಾರ ಶನಿವಾರ ಒಂದು ತಾಸು ಇವರನ್ನೂ ಕೂರಿಸಿಕೊಳ್ಳುತ್ತೀರಾ ಎಂದು ಕೇಳಿದಳು. ನಾನು ಸರ್ ಮುಖ ನೋಡಿದೆ. ಅವರು ಬೀಗವನ್ನು ಜೇಬಿಗೆ ಹಾಕಿಕೊಂಡರು.

ಈಗ ಪಡಸಾಲೆಯಲ್ಲಿ ಬೂಟು ಬಿಚ್ಚುತ್ತಿದ್ದಾರೆ. ನನಗೆ ಒಂದೇ ನಿಮಿಷ. ಇವರು ನಾಯಿ ಕಥೆ ಕೇಳಲು ಬಂದಿಲ್ಲ. ವ್ಯಾನಿನಲ್ಲೇ ತಮ್ಮದೊಂದು ಕಟ್ಟಿದ್ದಾರೆ. ತುಬಚಿಯ ಏತ ನೀರಾವರಿ ಪೈಪಿನಲ್ಲಿ ಕೃಷ್ಣಾ ಹೊಳೆಯ ಒಂದು ಮೀನು ಏರಿ ಬಂದಿದೆ. ಇಳಿಯುವ ದಾರಿ ಗೊತ್ತಿಲ್ಲ. ನಾಲ್ಕು ದಿನದಿಂದ ಕಥೆ ಅಲ್ಲೇ ನಿಂತಿದೆ, ಜಗಳ ಹತ್ತಿದೆ.

"ಮೀನ ಯಾರ ಆಗ್ತೀರಿ?" ಎಂದು ಸರ್ ಕೇಳುತ್ತಿದ್ದಾರೆ. ಯಾರೂ ಕೈ ಎತ್ತುತ್ತಿಲ್ಲ. ಅನುರಾಧಾ ತನ್ನ ಪಕ್ಕದ, ಇದುವರೆಗೆ ಒಂದು ಮಾತೂ ಆಡದ ಪುಟ್ಟ ಹುಡುಗಿಯ ಬೆನ್ನಿಗೆ ಮೆತ್ತಗೆ ಕೈ ಕೊಟ್ಟಳು. ಹುಡುಗಿ ಏಳುತ್ತಿದ್ದಾಳೆ... ಟೈ ಬಿಚ್ಚಿದಳು, ಬಾಯಿ ತೆರೆದಳು. ಪೆನ್ನು ಮುಚ್ಚುತ್ತೇನೆ, ಮೀನು ಏನು ಹೇಳುತ್ತದೋ ಕೇಳಬೇಕು.