ಇರಲಿ ಬಿಡು

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಚಿನಕುರಳಿ,

ಹೇಗಿದ್ದೀ ಮಗಳೇ? ಕಾಲಿನ ಊತ ಇಳಿಯಿತಾ? ಒಳಗಿರುವ ಪುಟಾಣಿ ಈಗಲೂ ಒದೆಯುತ್ತಿದೆಯಾ? ಒದೆಯಲಿ, ನೀನು ನನ್ನನ್ನು ಒದ್ದದ್ದಕ್ಕೆ ಲೆಕ್ಕ ಚುಕ್ತಾ ಆಗಲಿ. ಅಳಿಯಂದಿರಿಗೆ ಹೇಳು, ಭಾರ ಎತ್ತುವ ಕೆಲಸವೆಲ್ಲ ಇನ್ನು ಅವರದೇ.

ನನ್ನ ಸುದ್ದಿ ಕೇಳಿದರೆ ನಗುತ್ತೀ. ಏಣಿ ಮೇಲೆ ನಿಂತು ದೊಡ್ಡ ದೊಡ್ಡ ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದವಳಿಗೆ ಈಗ ಬರೀ ನೆಲದ ಮೇಲೆ ನಿಲ್ಲಲು ಭಯ. ಆ ಹಾಳು ಜ್ವರ ಕಿವಿಯೊಳಗೆ ಏನನ್ನು ಕೆಡಿಸಿತೋ, ಕಣ್ಣು ಮುಚ್ಚಿದರೆ ಸಾಕು, ಕಾಲಡಿಯ ನೆಲ ಜಾರಿ ಹೋಗುತ್ತದೆ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದೇ ಹೋಗುತ್ತೇನೆ. ಎಷ್ಟು ಕೆಟ್ಟದಾಗಿ ಬಣ್ಣ ಹೊಡೆದಿದ್ದಾರೆ ಅಂತ ಬೈಯುತ್ತಲೇ ಹಿಡಿದುಕೊಳ್ಳುತ್ತೇನೆ.

ಇಲ್ಲೊಂದು ರೋಬೋಟ್ ಇದೆ. ಮನುಷ್ಯರ ಮುಖ ಮೂತಿ ಏನೂ ಇಲ್ಲ ಅದಕ್ಕೆ. ಅಲ್ಲಾಡುವ ಒಂದು ಹಲಗೆ, ಸೊಂಟ ಹಿಡಿಯಲು ಮೆತ್ತೆ ಸುತ್ತಿದ ಎರಡು ತೋಳು, ಬಿದ್ದರೆ ತಡೆಯಲು ಮೇಲಿನಿಂದ ಬೆಲ್ಟು. ಹಲಗೆ ವಾಲಿದಾಗ ನೆಟ್ಟಗೆ ನಿಲ್ಲುವುದನ್ನು ನಾನು ಹೊಸದಾಗಿ ಕಲಿಯಬೇಕು. ಬಾಯಿಮಾತು ಅದಕ್ಕೆ ತಿಳಿಯುತ್ತದೆ. ‘ಹಿಡಿ’ ಅಂದರೆ ಹಿಡಿಯುತ್ತದೆ, ‘ಬಿಡು’ ಅಂದರೆ ಬಿಡುತ್ತದೆ. ನಿನ್ನೆ ವ್ಯಾಯಾಮ ಮಾಡಿಸುವ ಹುಡುಗಿ, “ಬೆಲ್ಟ್ ಒತ್ತುತ್ತಾ ಅಮ್ಮಾ? ಸಡಿಲ ಮಾಡ್ಲಾ?” ಅಂದಳು. ನನ್ನ ಬಾಯಿ ನಿನಗೆ ಗೊತ್ತಲ್ಲ, “ಅಯ್ಯೋ, ಇರ್ಲಿ ಬಿಡು” ಅಂದೆ. ಆ ಪುಣ್ಯಾತ್ಮ ಎರಡೂ ತೋಳು ತೆಗೆದೇಬಿಟ್ಟಿತು!

ನನಗದು ಗೊತ್ತೇ ಆಗಲಿಲ್ಲ, ಅವಳ ಜೊತೆ ಹರಟುತ್ತ ನಿಂತಿದ್ದೆ. ಕೆಳಗೆ ನೋಡುತ್ತೇನೆ, ಸೊಂಟದ ಹತ್ತಿರ ಏನೂ ಇಲ್ಲ. ಜೀವ ಬಾಯಿಗೆ ಬಂತು. ‘ಹಿಡಿ’ ಅನ್ನುವ ಮಾತೇ ನಾಲಗೆಗೆ ಬರಲಿಲ್ಲ. ಬೆಲ್ಟಿಗೆ ಜೋತುಬಿದ್ದು ಇಡೀ ಮಹಡಿಗೆ ಕೇಳುವ ಹಾಗೆ ಚೀರಿದೆ. “ನೋಡೋವರೆಗೂ ನೀವೇ ನಿಂತಿದ್ರಲ್ಲಮ್ಮಾ” ಅಂತ ಅವಳು ಎಷ್ಟು ಹೇಳಿದರೂ ನಾನು ಬೆಲ್ಟು ಬಿಡಲಿಲ್ಲ. ಇದನ್ನು ಬರೆಯುವಾಗಲೂ ಎಡಗೈಯಲ್ಲಿ ಮಂಚದ ಸರಳು ಹಿಡಿದಿದ್ದೇನೆ.

ನಾಳೆ ತೋಳೂ ಇಲ್ಲ, ಬೆಲ್ಟೂ ಇಲ್ಲ, ಹಾಗೇ ನಿಲ್ಲಬೇಕಂತೆ. ಮೊಮ್ಮಗು ಬರುತ್ತೆ ಅಂತ ಬಾಯಿಬಿಟ್ಟಿದ್ದೆ ನೋಡು, ಅದಕ್ಕೆ ಎಳೆಮಗುವಿನಷ್ಟು ತೂಕದ ದಿಂಬನ್ನು ಕೈಗೆ ಕೊಡುತ್ತಾರಂತೆ. ತುಂಬಾ ಭಯವಾಗುತ್ತಿದೆ ಮಗಳೇ. ನಾನು ಬಿದ್ದರೆ ಮೂಳೆ ಕೂಡಿಸುತ್ತಾರೆ. ಕೈಯಲ್ಲಿ ಮಗು ಇದ್ದಾಗ ಬಿದ್ದರೆ?

ಹೊತ್ತಿಗೆ ಸರಿಯಾಗಿ ಉಣ್ಣು, ಮೆಟ್ಟಿಲು ಇಳಿಯುವಾಗ ಅವಸರ ಮಾಡಬೇಡ. ನಿನಗೂ ಪುಟಾಣಿಗೂ ಒಳ್ಳೆಯದಾಗಲಿ ಅಂತ ಹರಸುವ,

ನಿನ್ನ ಅಮ್ಮ

ಮಡಚುವ ಮೊದಲು ಒಂದು ಮಾತು: ಹೋದ ವಾರ ಫೋನಿನಲ್ಲಿ ನೀನು, “ಹೆರಿಗೆಗೆ ಬರ್ಲೇಬೇಕಮ್ಮ, ಮಗೂನ ಮೊದ್ಲು ನೀನೇ ಎತ್ಕೋಬೇಕು” ಅಂದಾಗ ನಾನು “ನಾನ್ಯಾಕೆ, ಇರ್ಲಿ ಬಿಡು” ಅಂದೆನಲ್ಲ. ಆಮೇಲೆ ನೀನು ಆ ಸುದ್ದಿಯೇ ಎತ್ತಲಿಲ್ಲ. ರೋಬೋಟಿಗೆ ತಿಳಿಯದಿದ್ದರೆ ಹೋಗಲಿ, ನೀನು ನನ್ನ ಮಗಳು. ಇನ್ನೊಂದು ಸಲ ಕರಿ. ನಾನು ಬೇಡ ಅಂತಲೇ ಅನ್ನುತ್ತೇನೆ. ಬಿಡಬೇಡ.